ಕೌದಿಯ ಗಂಟಿಗೆ ಬಟ್ಟೆ ಸೇರುವ ಮೊದಲು

ಕೌದಿ ಹೊಲಿಯುವುದನ್ನು ಕಲಿಯಲು ಶಿರಸಿಯ ನಮ್ಮ ಹೊಲಿಗೆ ಕೋಣೆಗೆ ಬರುವವರು ಸಾಮಾನ್ಯವಾಗಿ ಮೊದಲ ದಿನವೇ ಒಂದು ದೊಡ್ಡ ಗಂಟು ಹೊತ್ತು ತರುತ್ತಾರೆ. ಉಡಿ ತುಂಬಿದಾಗ ಬಂದ ರವಿಕೆ ಕಣಗಳು, ದರ್ಜಿ ಅಂಗಡಿಯಲ್ಲಿ ಕೇಳಿ ತಂದ ತುಂಡುಗಳು, ಮಕ್ಕಳಿಗೆ ಗಿಡ್ಡವಾದ ಅಂಗಿಗಳು, ಅಜ್ಜಿಯ ಸೀರೆ, ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡು ಹೊಲಿಸದೆ ಉಳಿದ ಕಟ್‌ಪೀಸು, ಎಲ್ಲವೂ ಅದರಲ್ಲಿರುತ್ತವೆ. ಇಷ್ಟಿದ್ದರೂ ಒಂದು ಕೌದಿಗೆ ಸಾಕಾಗುವಷ್ಟು ಒಳ್ಳೆಯ ಬಟ್ಟೆ ಆ ಗಂಟಿನಿಂದ ಹೊರಡುವುದು ಅಪರೂಪ. ಬಟ್ಟೆ ಕಡಿಮೆಯಾಗಿ ಹೀಗಾಗುತ್ತದೆಂದು ನನಗನಿಸುವುದಿಲ್ಲ. ಒಳಗೆ ಸೇರುವ ಹೊತ್ತಿನಲ್ಲಿ ಒಂದನ್ನೂ ಯಾರೂ ಪರೀಕ್ಷಿಸಿರುವುದಿಲ್ಲ. ತೊಳೆದು, ಎಳೆದು ನೋಡಿ, ಚೆನ್ನಾಗಿ ಒಣಗಿಸಿ ಮಡಿಸಿಟ್ಟ ಬಟ್ಟೆಯನ್ನು ಮಾತ್ರ ನಾನು ಸಂಗ್ರಹದ ಲೆಕ್ಕಕ್ಕೆ ಹಿಡಿಯುತ್ತೇನೆ.

ಮೊದಲು ತಿಳಿಯಬೇಕಾದದ್ದು ಬಟ್ಟೆ ಹತ್ತಿಯದೋ ಅಲ್ಲವೋ ಎಂಬುದು. ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಬೆಂಕಿ ತಾಗಿಸಿದರೆ ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬೀರುತ್ತ ಉರಿದು, ಬೆರಳಿಗೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮುದುಡುತ್ತದೆ, ತಣಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿಯೊಂದು ಉಳಿಯುತ್ತದೆ. ಎರಡೂ ಲಕ್ಷಣ ಕಂಡರೆ ಅದು ಮಿಶ್ರ ನೂಲು. ಉಡಿಯಲ್ಲಿ ಬರುವ ರವಿಕೆ ಕಣಗಳಲ್ಲಿ ಈಗ ಮಿಶ್ರ ನೂಲಿನವೇ ಹೆಚ್ಚು. ಅವನ್ನು ಬಿಸಾಡಬೇಕಾಗಿಲ್ಲ, ಆದರೆ ಬೇರೆ ಗಂಟು ಕಟ್ಟಬೇಕು. ಹತ್ತಿಯ ಪಕ್ಕದಲ್ಲಿ ಅವನ್ನು ಹೊಲಿದರೆ ಒಗೆದಾಗ ಹತ್ತಿ ಕುಗ್ಗುತ್ತದೆ, ಅವು ಕುಗ್ಗುವುದಿಲ್ಲ, ಹೊಲಿಗೆಯ ಸಾಲಿನುದ್ದಕ್ಕೂ ಸುಕ್ಕು ಬೀಳುತ್ತದೆ. ದಪ್ಪದ ವಿಷಯವೂ ಹೀಗೆಯೇ. ಸವೆದು ಮೆತ್ತಗಾದ ಸೀರೆಗೆ ಗಟ್ಟಿ ಪಾಪ್ಲಿನ್ ಜೋಡಿಸಿದರೆ ಕೆಲವೇ ಒಗೆತಗಳಲ್ಲಿ ಸೀರೆ ಹೊಲಿಗೆಯ ಬದಿಯಲ್ಲಿ ಹರಿಯುತ್ತದೆ.

ಹೊಸ ಹತ್ತಿ ಬಟ್ಟೆಯನ್ನು ಗಂಟಿಗೆ ಸೇರಿಸುವ ಮೊದಲೇ ಒಗೆಯಬೇಕೆಂದು ನಾನು ಹಟ ಹಿಡಿಯುತ್ತೇನೆ. ಪಾಪ್ಲಿನ್‌ನಂಥ ಬಟ್ಟೆ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗಬಹುದು, ಅಂದರೆ ಒಂದು ಗಜಕ್ಕೆ ಒಂದರಿಂದ ಎರಡು ಇಂಚಿನ ಹತ್ತಿರ ಹೋಗುತ್ತದೆ. ಬಣ್ಣ ಬಿಡುವುದು ಇದಕ್ಕಿಂತ ದೊಡ್ಡ ತೊಂದರೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಗಿರಾಕಿಯೊಬ್ಬರ ಕೌದಿಗೆ, ಅವರ ತಂದೆಯವರು ಉಟ್ಟ ಬಿಳಿ ಪಂಚೆಯ ತುಂಡುಗಳ ಬದಿಗೆ, ಕುಂಕುಮ ಬಣ್ಣದ ಹೊಸ ಕಣವೊಂದನ್ನು ಒಗೆಯದೆ ಹೊಲಿದುಬಿಟ್ಟಿದ್ದೆ. ಮೊದಲ ಒಗೆತದಲ್ಲಿಯೇ ಬಿಳಿಯ ಮೇಲೆಲ್ಲ ಗುಲಾಬಿ ಕಲೆ ಹರಡಿತು. ಆ ಪಂಚೆ ಮತ್ತೆ ಸಿಗುವ ವಸ್ತುವಾಗಿರಲಿಲ್ಲ. ಅಂದಿನಿಂದ ಕೆಂಪು, ಕಡುನೀಲಿ, ಹಸಿರು ಬಟ್ಟೆಗಳನ್ನು ಒಂದೊಂದಾಗಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸುತ್ತೇನೆ; ಒದ್ದೆ ಇರುವಾಗಲೇ ಬಿಳಿ ಚಿಂದಿಯಿಂದ ಉಜ್ಜಿ ನೋಡುತ್ತೇನೆ. ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಬಣ್ಣ ಕಟ್ಟುವ ಹಂಡೆಯಲ್ಲಿ ಉಪ್ಪಿಗೆ ಕೆಲಸವುಂಟು. ಅಂಗಡಿಯಿಂದ ಬಂದ ಬಟ್ಟೆಯ ಸಡಿಲ ಬಣ್ಣವನ್ನು ಅದು ಹಿಡಿದಿಡುವುದಿಲ್ಲ.

ಹಳೆಯ ಸೀರೆಯ ಪರೀಕ್ಷೆಗೆ ಬೆಳಕು ಬೇಕು. ಕಿಟಕಿಗೆ ಎದುರಾಗಿ ಇಬ್ಬರು ಹಿಡಿದು ನೋಡಿದರೆ ಕುಳಿತು ಸವೆದ ಭಾಗ, ಮೊಣಕಾಲಿನ ಮಟ್ಟ, ನೆಲಕ್ಕೆ ಉಜ್ಜಿದ ಕೆಳ ಅಂಚು ತೆಳುವಾಗಿ ಕಾಣುತ್ತವೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಳತುದಿ ಬಿಸಿಲು ಕಾಣದ್ದರಿಂದ ಬಣ್ಣ, ಬಲ ಎರಡನ್ನೂ ಉಳಿಸಿಕೊಂಡಿರುತ್ತದೆ. ಸಂಶಯವಿದ್ದಲ್ಲಿ ಎರಡು ಹೆಬ್ಬೆರಳುಗಳ ನಡುವೆ ಬಟ್ಟೆ ಹಿಡಿದು ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಎಳೆಯಬೇಕು. ಎಳೆಗಳು ಸರಿದು ಜಾಲರಿಯಂತೆ ಬಿಟ್ಟುಕೊಂಡರೆ ಅದು ಒಳಪದರಕ್ಕೆ ಸರಿ, ಮೇಲ್ಮೈಗೆ ಬೇಡ. ಗಟ್ಟಿ ಉಳಿದ ಹತ್ತಿ ಸೀರೆಯನ್ನು ಮಾತ್ರ ತುಂಡರಿಸದೆ ಇಡಿಯಾಗಿ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಐದೂವರೆ ಮೀಟರಿನ ಸೀರೆಯನ್ನು ಉದ್ದದ ನಡುವೆ ಕತ್ತರಿಸಿ, ಎರಡು ಭಾಗಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಸುಮಾರು 9 ಅಡಿ ಉದ್ದ, ಏಳೂವರೆ ಅಡಿ ಅಗಲದ ಅಡಿಹಾಸು ಸಿಗುತ್ತದೆ. ಇಬ್ಬರು ಹೊದೆಯುವ ಕೌದಿಗೆ ಅದು ಧಾರಾಳ.

ಬಣ್ಣದ ಆಯ್ಕೆಯಲ್ಲಿ ಎಲ್ಲರ ಗಂಟಿನಲ್ಲಿಯೂ ಒಂದೇ ಕೊರತೆ ಕಾಣುತ್ತದೆ. ಕೆಂಪು, ಹಸಿರು, ನೇರಳೆ ತುಂಬಿರುತ್ತವೆ, ತಿಳಿ ಬಣ್ಣದ ಸಾದಾ ಬಟ್ಟೆ ಇರುವುದಿಲ್ಲ. ಚೆಂದದ ಹೂವಿನ ಬಟ್ಟೆಗಳನ್ನೇ ಒಂದರ ಪಕ್ಕ ಒಂದು ಇಟ್ಟರೆ ಯಾವುದೂ ಎದ್ದು ಕಾಣುವುದಿಲ್ಲ. ತುಂಡುಗಳನ್ನು ಹರಡಿ ಮೊಬೈಲಿನಲ್ಲಿ ಕಪ್ಪು-ಬಿಳುಪಿನ ಚಿತ್ರ ತೆಗೆದರೆ ಎಷ್ಟೋ ಬಣ್ಣಗಳು ಒಂದೇ ಬೂದು ಬಣ್ಣವಾಗಿ ಕಾಣುವುದು ಗೊತ್ತಾಗುತ್ತದೆ. ಆದ್ದರಿಂದ ದುಡ್ಡು ಕೊಟ್ಟು ಕೊಳ್ಳುವುದಿದ್ದರೆ ಕೋರಾ ಬಟ್ಟೆ, ಹಾಲು ಬಣ್ಣದ ಮಲ್, ರವಿಕೆಯ ಅಸ್ತರಿಗೆ ಬಳಸುವ ತಿಳಿ ಬಣ್ಣದ ಹತ್ತಿ ಬಟ್ಟೆ ಕೊಳ್ಳುವುದು ಲೇಸು. ಮನೆಯಲ್ಲಿ ಹಳೆಯ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ತುಣುಕುಗಳನ್ನು ಎಷ್ಟು ಚಿಕ್ಕದರವರೆಗೆ ಉಳಿಸಬೇಕೆಂಬ ಪ್ರಶ್ನೆಗೆ ಉತ್ತರ ಹೊಲಿಯುವ ರೀತಿಯಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಬಟ್ಟೆಯ ತುದಿಗಳನ್ನು ಕೈಯಲ್ಲೇ ಒಳಮಡಚಿ, ಓಡುಹೊಲಿಗೆಯಲ್ಲಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಅವರು ಕೂರಿಸುವ ಮಡಚಿದ ಪುಟ್ಟ ತ್ರಿಕೋನಗಳಿಗೆ, ‘ಫೂಲ’ಗಳಿಗೆ, ಅಂಗೈಗಿಂತ ಸಣ್ಣ ಚೂರೂ ಸಾಕು, ಅವಿಲ್ಲದ ಕೌದಿ ಅವರ ಕಣ್ಣಿಗೆ ಬರಿದು. ಈ ಪದ್ಧತಿಯಲ್ಲಿ ಹೊಲಿಯುವವರು ಗಾತ್ರ, ಆಕಾರ ನೋಡದೆ ಮೆತ್ತಗಿನ ಚೂರುಗಳನ್ನೆಲ್ಲ ಇಡಬಹುದು. ಅಳತೆಯ ಚೌಕಗಳನ್ನು ಮಶೀನಿನಲ್ಲಿ ಜೋಡಿಸುವವರಿಗೆ ಮೂರು ಇಂಚಿಗಿಂತ ಚಿಕ್ಕದು ಬೇಡವೆಂದು ನನ್ನ ಅಭಿಪ್ರಾಯ.

ಇನ್ನು ಮಳೆಗಾಲ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ನಮ್ಮ ಊರುಗಳಲ್ಲಾಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಕಾಪಾಡುವುದು ಕೂಡಿಡುವುದಕ್ಕಿಂತ ಕಷ್ಟ. ಒಣಗಿದಂತೆ ಕಾಣುವ ಹತ್ತಿಯೂ ಸಾಧಾರಣ ಹವೆಯಲ್ಲಿ ತನ್ನ ತೂಕದ ನೂರಕ್ಕೆ ಎಂಟು ಪಾಲಿನಷ್ಟು ತೇವ ಹಿಡಿದಿರುತ್ತದೆ. ಮಳೆಯ ತಿಂಗಳುಗಳಲ್ಲಿ ಇದು ಇನ್ನೂ ಏರುತ್ತದೆ. ಗಂಜಿ ಹಾಕಿದ ಬಟ್ಟೆಗೆ ಬೂಸ್ಟು ಬೇಗ ಹಿಡಿಯುತ್ತದೆ, ಗಂಜಿ ತಿನ್ನಲು ಬೆಳ್ಳಿಹುಳವೂ ಬರುತ್ತದೆ. ಬೂಸ್ಟಿನ ಕರಿಚುಕ್ಕೆ ಒಮ್ಮೆ ನಿಂತರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಆ ಜಾಗದ ಎಳೆಯೂ ಬಲ ಕಳೆದುಕೊಂಡಿರುತ್ತದೆ. ಹಾಗಾಗಿ ಗಂಜಿ ತೆಗೆದು, ಮೇ ತಿಂಗಳ ಬಿಸಿಲಿನಲ್ಲಿ ಒಳಮೈ ಮೇಲೆ ಮಾಡಿ ಒಣಗಿಸಿ, ನೆರಳಿನಲ್ಲಿ ಪೂರ್ತಿ ಆರಿದ ಮೇಲೆಯೇ ಟ್ರಂಕಿಗೆ ಹಾಕಬೇಕು. ಬಿಸಿ ಬಟ್ಟೆ ಮುಚ್ಚಿಟ್ಟರೆ ಒಳಗೇ ಬೆವರುತ್ತದೆ. ಟ್ರಂಕನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ದಿಂಬಿನ ಚೀಲ ಬಳಸಿ. ಬಚ್ಚಲ ಒಲೆಯ ಮೇಲೆ ಒಣಗಿಸುವ ರೂಢಿ ದಿನದ ಬಟ್ಟೆಗೆ ಸರಿ, ಬಿಳಿ ಬಟ್ಟೆಗೆ ಮಾತ್ರ ಹೊಗೆಯ ಹಳದಿ ಹತ್ತುತ್ತದೆ. ಇದೆಲ್ಲ ಪ್ರತಿ ವರ್ಷದ ಕೆಲಸವಾದ್ದರಿಂದ, ಎರಡು ವರ್ಷದಲ್ಲಿ ಹೊಲಿದು ಮುಗಿಸಲಾಗುವುದಕ್ಕಿಂತ ಹೆಚ್ಚು ಬಟ್ಟೆ ಇಟ್ಟುಕೊಳ್ಳಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಮಳೆ ನಿಂತ ಮೇಲೆ, ದೀಪಾವಳಿಯ ಹೊತ್ತಿಗೆ, ಟ್ರಂಕು ತೆರೆದು ಪ್ರತಿ ಬಟ್ಟೆಯನ್ನೂ ಹಿಂದಿನ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಬೇಕು. ಕುಮಟೆಯಿಂದ ಬಂದ ಒಬ್ಬ ತಾಯಿ ತೀರಿಹೋದ ತಮ್ಮ ಅಮ್ಮನ ಹತ್ತಿ ಸೀರೆಯನ್ನು ತಂದಿದ್ದರು. ಹಲವಾರು ವರ್ಷ ಒಂದೇ ಮಡಿಕೆಯಲ್ಲಿದ್ದ ಅದು, ಮೇಜಿನ ಮೇಲೆ ಬಿಡಿಸುತ್ತಿದ್ದಂತೆ ಗೆರೆಗೆರೆಯಾಗಿ ಸೀಳಿತು. ಮಡಿಕೆಗಳ ನಡುವಿನ ಭಾಗ ಬೆಳಕಿಗೆ ಹಿಡಿದಾಗ ಗಟ್ಟಿಯಾಗಿಯೇ ಕಂಡಿತು. ಅದನ್ನು ಆರು ಇಂಚಿನ ಚೌಕಗಳಾಗಿ ಬಿಡಿಸಿಕೊಂಡು, ಒಂದೊಂದರ ಹಿಂದೆಯೂ ಮಲ್ ಬಟ್ಟೆ ಕೊಟ್ಟು, ಅವರ ಕೌದಿಯ ನಡುಭಾಗಕ್ಕೆ ಹೊಲಿದೆವು.