ಇಳಿಜಾರಿನ ಸಾಲಿಗೆ ನೀರು: ಮೊದಲು ಜೋರಾಗಿ, ಆಮೇಲೆ ಸಣ್ಣಗೆ

ಇಳಿಜಾರು ಹೊಲದಲ್ಲಿ ನೀರು ಕಟ್ಟಿದವರು ಇದನ್ನು ನೋಡಿರುತ್ತಾರೆ: ಸಾಲಿನ ಮಣ್ಣು ಇನ್ನೂ ಆಳಕ್ಕೆ ನೆಂದಿರುವುದಿಲ್ಲ, ಆಗಲೇ ಕೊನೆಯಲ್ಲಿ ನೀರು ಹೊರಗೆ ಹರಿಯುತ್ತಿರುತ್ತದೆ.

ಹೊಲಕ್ಕೆ ಬಿಟ್ಟ ನೀರಿನಲ್ಲಿ ಬೇರಿರುವ ಆಳದಲ್ಲಿ ಉಳಿದದ್ದು ಎಷ್ಟು ಪಾಲು? ಅದೇ ನೀರು ಹಾಯಿಸುವ ದಕ್ಷತೆ. ಮಿಕ್ಕ ನೀರು ಹೆಚ್ಚಾಗಿ ಬೇರು ದಾಟಿ ಕೆಳಗೆ ಬಸಿಯುತ್ತದೆ, ಇಲ್ಲವೇ ಸಾಲಿನ ಕೊನೆಯಿಂದ ಹೊರಗೆ ಹೋಗುತ್ತದೆ.

ಹಾಗಾದರೆ ಮೊದಲಿನಿಂದಲೂ ಸಣ್ಣಗೆ ಬಿಟ್ಟರೆ ಆಯ್ತಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ನೀರು ಕೊನೆ ಮುಟ್ಟಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸಾಲಿನ ತಲೆಯ ಕಡೆ, ಅಂದರೆ ನೀರು ಬಿಡುವ ಕಡೆ, ನೀರು ಬೇರು ದಾಟಿರುತ್ತದೆ. ಅದಕ್ಕೇ ಮೊದಲು ಜೋರಾಗಿ ಬಿಟ್ಟು, ನೀರು ಕೊನೆ ಮುಟ್ಟಿದ ಮೇಲೆ ಕಡಿಮೆ ಮಾಡಬೇಕು.

ಒಂದು ಲೆಕ್ಕ ಮಾಡೋಣ. ಸಾಲು 100 ಮೀಟರ್ ಉದ್ದ, ಸಾಲಿನಿಂದ ಸಾಲಿಗೆ 0.75 ಮೀಟರ್. ಬೇಕಾದದ್ದು 60 ಮಿ.ಮೀ. ನೀರು, ಅಂದರೆ 4,500 ಲೀಟರ್. ಸೆಕೆಂಡಿಗೆ 1 ಲೀಟರ್‌ನಂತೆ 2 ಗಂಟೆ ಬಿಟ್ಟರೆ 7,200 ಲೀಟರ್ ಆಗುತ್ತದೆ. ಬೇರಿನ ಆಳ ತುಂಬಿತು ಎಂದಿಟ್ಟುಕೊಂಡರೂ ದಕ್ಷತೆ 62.5%. ಈಗ 40 ನಿಮಿಷಕ್ಕೆ ನೀರು ಕೊನೆ ಮುಟ್ಟಿತು, ಮುಂದಿನ 80 ನಿಮಿಷ 0.6 ಲೀಟರ್‌ಗೆ ಇಳಿಸಿದೆವು ಅನ್ನಿ. ಒಟ್ಟು 5,280 ಲೀಟರ್. ಆಗಲೂ ಬೇರಿನ ಆಳ ತುಂಬಿದರೆ ದಕ್ಷತೆ ಸುಮಾರು 85%.

ಮೊದಲ ಹರಿವು ಎಷ್ಟು ಜೋರಿರಬಹುದು? ಮಣ್ಣು ಕೊಚ್ಚಿ ಹೋಗಬಾರದು. ಪಠ್ಯಗಳಲ್ಲಿ ಬರುವ ಸರಳ ಸೂತ್ರ: 0.6 ಅನ್ನು ಸಾಲಿನ ಇಳಿಜಾರಿನ ಶೇಕಡಾವಾರಿನಿಂದ ಭಾಗಿಸಿ. 0.5% ಇಳಿಜಾರಿಗೆ ಸೆಕೆಂಡಿಗೆ 1.2 ಲೀಟರ್, 2% ಇಳಿಜಾರಿಗೆ ಬರೀ 0.3. ಅಷ್ಟು ಸಣ್ಣ ನೀರು ಉದ್ದದ ಸಾಲಿನ ಕೊನೆ ಮುಟ್ಟುವುದು ಕಷ್ಟ. ಹಾಗಾಗಿ ಕಡಿದಾದ ಹೊಲದಲ್ಲಿ ಸಾಲನ್ನು ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟ ರೇಖೆಗೆ ಹತ್ತಿರವಾಗಿ ತೆಗೆಯುತ್ತಾರೆ. ಸಾಲಿನ ಇಳಿಜಾರು 0.5% ಒಳಗಿದ್ದರೆ ಒಳ್ಳೆಯದು. ಆದರೆ ಬೋದು, ಅಂದರೆ ಸಾಲುಗಳ ನಡುವಿನ ಮಣ್ಣಿನ ಏರಿ, ಗಟ್ಟಿಯಾಗಿರಬೇಕು. ಒಂದು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುತ್ತವೆ.

ಪರೀಕ್ಷೆಯಲ್ಲಿ ತುಂಬಾ ಜನ ಎಡವುವ ಜಾಗ ಇನ್ನೊಂದಿದೆ. ಅದೇ ಸಾಲಿಗೆ 3,000 ಲೀಟರ್ ಮಾತ್ರ ಬಿಟ್ಟು, ಅಷ್ಟೂ ಬೇರಿನ ಆಳದಲ್ಲೇ ನಿಂತರೆ ದಕ್ಷತೆ 100%! ಆದರೆ ಬೆಳೆಗೆ ಬೇಕಿದ್ದದ್ದು 4,500. ಸಿಕ್ಕಿದ್ದು ಮೂರರಲ್ಲಿ ಎರಡು ಪಾಲು. ಅದಕ್ಕೆ ಈ ಎರಡನೇ ಲೆಕ್ಕವನ್ನೂ, ಅಂದರೆ ಸಂಗ್ರಹ ದಕ್ಷತೆಯನ್ನೂ, ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.