ತುಟಿ ಮುಂದೆ, ಮಾತು ಹಿಂದೆ

ಅಮ್ಮನಿಗೆ ಈಗೀಗ ಕಿವಿ ಸ್ವಲ್ಪ ಮಂದ. ಸಂಜೆ ಧಾರಾವಾಹಿ ಶುರುವಾದರೆ ನಮ್ಮನೆ ಟಿವಿ ಪಕ್ಕದ ಮನೆಯವರಿಗೂ ಕೇಳುತ್ತಿತ್ತು. ಅದಕ್ಕೇ ಒಂದು ಬ್ಲೂಟೂತ್ ಹೆಡ್‌ಫೋನ್ ತಂದುಕೊಟ್ಟೆ. ಟಿವಿಯಲ್ಲೂ ಬ್ಲೂಟೂತ್ ಇತ್ತು, ಎರಡೂ ಒಂದೇ ಸಲಕ್ಕೆ ಜೋಡಿಯಾದವು. ಹತ್ತು ನಿಮಿಷ ನೋಡಿ ಅಮ್ಮ ಹೆಡ್‌ಫೋನ್ ತೆಗೆದಿಟ್ಟರು. "ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತೆ ಕಣೋ, ತಲೆ ಸುತ್ತುತ್ತೆ" ಅಂದರು.

ನಾನೂ ಹಾಕಿಕೊಂಡು ನೋಡಿದೆ. ವಾರ್ತೆ ಓದುವವರು "ನಮಸ್ಕಾರ" ಅಂದರು. ಈ ಪದದಲ್ಲಿ ತುಟಿ ಕೂಡುವುದು ಒಂದೇ ಸಲ, 'ಮ' ಬಂದಾಗ. ಪ, ಬ, ಮ ಇವೆಲ್ಲ ತುಟಿ ಮುಚ್ಚದೆ ಹುಟ್ಟುವ ಅಕ್ಷರಗಳೇ ಅಲ್ಲ, ಅಲ್ವಾ? ಪರದೆಯಲ್ಲಿ ತುಟಿ ಕೂಡಿ, ಬಿಟ್ಟು, 'ಕಾ' ಅನ್ನಲು ಬಾಯಿ ತೆರೆದಾಗ ನನ್ನ ಕಿವಿಗೆ 'ಮ' ಬಂತು. ಕಿವಿ ಮಂದವಾದವರು ತಮಗೇ ಗೊತ್ತಿಲ್ಲದೆ ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಾರೆ. ಅವರಿಗೇ ಇದರ ಕಷ್ಟ ಜಾಸ್ತಿ.

ಸದ್ದು ತಡವಾಗಿ ಬರುವುದು ನಮಗೆ ಹೊಸದೇನಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದರೆ, ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, 'ಧಪ್' ಎಂಬ ಸದ್ದು ಆಮೇಲೆ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದರಲ್ಲೊಂದು ಪಾಲು ತಡವಾದರೆ, ಮಾತಾಡುವವರು 68 ಮೀಟರ್ ದೂರ ನಿಂತ ಲೆಕ್ಕ. ಆದರೆ ಟಿವಿಯಲ್ಲಿ ಮುಖ ಹತ್ತಿರದಲ್ಲೇ, ದೊಡ್ಡದಾಗಿ ಕಾಣುತ್ತದೆ. ಕಣ್ಣಿಗೂ ಕಿವಿಗೂ ತಾಳೆಯಾಗುವುದಿಲ್ಲ.

ಎಷ್ಟು ತಡವಾದರೆ ಜನರಿಗೆ ಗೊತ್ತಾಗುತ್ತದೆ? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದೆ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಗೊತ್ತಾಗುತ್ತದೆ. ತಡವಾಗಿ ಬಂದರೆ 125ರವರೆಗೂ ಗೊತ್ತಾಗುವುದಿಲ್ಲ. 185 ದಾಟಿದರೆ ಸಹಿಸಲಾಗದು. ಬರಿಗಣ್ಣಿಗೆ ಕಾಣುವ ಲೋಕದಲ್ಲಿ ಸದ್ದು ಯಾವಾಗಲೂ ಬೆಳಕಿನ ಹಿಂದೆಯೇ ಬರುತ್ತದಲ್ಲ, ಆ ಕಡೆಗೆ ನಮ್ಮ ಸಹನೆ ಜಾಸ್ತಿ ಇರುವುದು ನನಗೆ ಬಹಳ ಚೆಂದ ಅನ್ನಿಸುತ್ತದೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡವಾಗುತ್ತದೆ. ಅಮ್ಮ ದೂರಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ರೇಡಿಯೋ ಅಲೆ ಬೆಳಕಿನ ವೇಗದಲ್ಲೇ ಹೋಗುತ್ತದೆ. ಸೋಫಾದವರೆಗೆ ಬರಲು ಅದಕ್ಕೆ ಹೊತ್ತೇ ಬೇಡ. ತಡವಾಗುವುದು ಎರಡು ತುದಿಗಳಲ್ಲಿ. ಸಿಡಿ ಗುಣಮಟ್ಟದ ಸದ್ದಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಟಿವಿ ಅದನ್ನು ನಾಲ್ಕರಲ್ಲೊಂದು ಪಾಲಿಗಿಂತಲೂ ಚಿಕ್ಕದಾಗಿ ಹಿಂಡಿ, ತುಂಡು ಮಾಡಿ ಕಳಿಸುತ್ತದೆ. ಅದು ಹೋಗುವ 2.4 ಗಿಗಾಹರ್ಟ್ಸ್ ದಾರಿಯಲ್ಲಿ ವೈಫೈ ಇದೆ, ಮೈಕ್ರೋವೇವ್ ಒಲೆಯ ಗದ್ದಲವೂ ಇದೆ. ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲದವರೆಗೂ ಜಿಗಿಯುತ್ತಾ ತಪ್ಪಿಸಿಕೊಳ್ಳುತ್ತದೆ. ಆದರೂ ಕೆಲವು ತುಂಡುಗಳು ಕಳೆದುಹೋಗುತ್ತವೆ, ಮತ್ತೆ ಕಳಿಸಬೇಕು.

ಅದಕ್ಕೇ ಹೆಡ್‌ಫೋನ್ ಬಂದ ಸದ್ದನ್ನು ಕೂಡಲೇ ನುಡಿಸುವುದಿಲ್ಲ, ಸ್ವಲ್ಪ ಕೂಡಿಟ್ಟುಕೊಳ್ಳುತ್ತದೆ. ನಲ್ಲಿ ನೀರು ಬಿಟ್ಟು ಬಿಟ್ಟು ಬರುವ ಊರಲ್ಲಿ ಸಂಪು ಕಟ್ಟಿಸುತ್ತೇವಲ್ಲ, ಹಾಗೆ. ಸಂಪು ದೊಡ್ಡದಿದ್ದಷ್ಟೂ ಹಾಡು ನಡುವೆ ಕಡಿಯುವುದಿಲ್ಲ. ಆದರೆ ಅಷ್ಟೂ ತಡವಾಗುತ್ತದೆ. ಹಾಡಿಗೆ ಇದರಿಂದ ತೊಂದರೆಯಿಲ್ಲ, ಮಾತಾಡುವ ಮುಖಕ್ಕೆ ತೊಂದರೆ.

"ಹಾಗಾದ್ರೆ ಮೊಬೈಲಲ್ಲಿ ಸರಿಯಾಗೇ ಬರುತ್ತಲ್ಲ?" ಅಂತ ಅಮ್ಮ ಕೇಳಿದರು. ಒಳ್ಳೆ ಪ್ರಶ್ನೆ. ಹೆಡ್‌ಫೋನ್ ತಾನು ಎಷ್ಟು ತಡ ಮಾಡುತ್ತೇನೆಂದು ಫೋನಿಗೆ ತಿಳಿಸಬಲ್ಲದು. ವಿಡಿಯೋ ಆ್ಯಪ್ ಅಷ್ಟು ಹೊತ್ತು ಚಿತ್ರವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲೂ ಸದ್ದು ತಡವೇ, ಜೊತೆಗೆ ಚಿತ್ರವೂ ತಡ ಅಷ್ಟೆ. ಗೇಮ್‌ನಲ್ಲಿ ಹೀಗೆ ಮಾಡಲಾಗದು, ಬೆರಳು ಒತ್ತಿದ ಕೂಡಲೇ ಚಿತ್ರ ಬದಲಾಗಬೇಕು. ಚಿತ್ರವನ್ನು ಹೀಗೆ ಕಾಯಿಸುವ ಏರ್ಪಾಡು ನಮ್ಮ ಟಿವಿಯಲ್ಲಿ ಇರಲಿಲ್ಲ.

ಕಡಿಮೆ ತಡ ಮಾಡುವ ಕೋಡೆಕ್, ಅಂದರೆ ಸದ್ದನ್ನು ಹಿಂಡುವ ಬೇರೆ ವಿಧಾನ ಇದೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬುದರಲ್ಲಿ ತಡ ಸುಮಾರು 40 ಮಿಲಿಸೆಕೆಂಡ್ ಅಷ್ಟೇ. ಆದರೆ ಅದು ಎರಡೂ ತುದಿಯಲ್ಲಿ ಇರಬೇಕು. ಸಾಮಾನ್ಯ ಬ್ಲೂಟೂತಿನಲ್ಲಿ ಸಂಗೀತ ಕೇಳಿಸುವ ಎಲ್ಲ ಸಾಧನಗಳಿಗೂ ಕಡ್ಡಾಯವಾದದ್ದು ಎಸ್‌ಬಿಸಿ ಎಂಬ ಹಳೆಯ ಕೋಡೆಕ್ ಒಂದೇ, ಉಳಿದವೆಲ್ಲ ತಯಾರಕರ ಇಷ್ಟ. ಒಂದು ತುದಿಗೆ ಹೊಸದು ಬರದಿದ್ದರೆ ಎರಡೂ ಸುಮ್ನೆ ತಮಗಿಬ್ಬರಿಗೂ ಬರುವ ಹಳೆಯದಕ್ಕೆ ಇಳಿಯುತ್ತವೆ. ಎಲ್‌ಡಿಎಸಿ ಎಂಬ ಕೋಡೆಕ್ ಇರುವ ದುಬಾರಿ ಹೆಡ್‌ಫೋನ್ ಕೊಂಡು ಐಫೋನಿಗೆ ಜೋಡಿಸಿದರೆ ಎಲ್‌ಡಿಎಸಿ ಕೆಲಸಕ್ಕೆ ಬರುವುದಿಲ್ಲ, ಐಫೋನಿಗೆ ಅದು ಗೊತ್ತಿಲ್ಲ. ಬ್ಲೂಟೂತ್ ಗುರುತು ಇದನ್ನೆಲ್ಲ ಹೇಳುವುದಿಲ್ಲ. 2020ರಲ್ಲಿ ಘೋಷಿಸಿದ ಎಲ್‌ಇ ಆಡಿಯೋ ಎಂಬ ಹೊಸ ಬ್ಲೂಟೂತ್ ವಿಧಾನ ತಡವನ್ನೂ ಕಡಿಮೆ ಮಾಡಬಲ್ಲದು, ಒಂದೇ ಟಿವಿಯಿಂದ ಹಲವರ ಶ್ರವಣಸಾಧನಕ್ಕೆ ಸದ್ದು ಕಳಿಸಲೂ ದಾರಿ ಮಾಡಿದೆ. ಅಂಥವರಿರುವ ಮನೆಗಳಿಗೆ ಇದು ಬೇಗ ತಲುಪಬೇಕು. ಆದರೆ ಡಬ್ಬದ ಮೇಲೆ 'ಬ್ಲೂಟೂತ್ 5.2' ಎಂದಿದ್ದ ಮಾತ್ರಕ್ಕೆ ಅದು ಒಳಗಿದೆ ಎಂದಲ್ಲ. 'ಎಲ್‌ಇ ಆಡಿಯೋ' ಎಂದೇ ಬರೆದಿರಬೇಕು, ಅದೂ ಎರಡೂ ಡಬ್ಬಗಳ ಮೇಲೆ.

ಕೊನೆಗೆ ನಾನು ತಂದದ್ದು ಸದ್ದು ಕಳಿಸುವ ಟ್ರಾನ್ಸ್‌ಮಿಟರ್ ಜೊತೆಯಲ್ಲೇ ಬರುವ ವೈರ್‌ಲೆಸ್ ಹೆಡ್‌ಫೋನ್. ಎರಡು ತುದಿಯೂ ಒಂದೇ ಕಂಪನಿಯದು, ಒಂದಕ್ಕೊಂದು ಮಾಡಿದ್ದು. ಟಿವಿ ಹಿಂದಿನ ಆಪ್ಟಿಕಲ್ ಕಿಂಡಿಗೆ ಸಿಕ್ಕಿಸಿದೆ. ಮೊದಲು ಸದ್ದೇ ಬರಲಿಲ್ಲ. ಟಿವಿ ಸದ್ದನ್ನು ಡಾಲ್ಬಿ ಎಂಬ ವಿಧಾನದಲ್ಲಿ ಹಿಂಡಿ ಕಳಿಸುತ್ತಿತ್ತು, ಟ್ರಾನ್ಸ್‌ಮಿಟರಿಗೆ ಅದು ಅರ್ಥವಾಗುತ್ತಿರಲಿಲ್ಲ. ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ, ಅಂದರೆ ಹಿಂಡದ ಸದ್ದನ್ನು ಆರಿಸಿದ ಮೇಲೆ ಬಂತು.

ಅಷ್ಟರಲ್ಲಿ ರಾತ್ರಿಯ ವಾರ್ತೆ ಶುರುವಾಯಿತು. ಅಮ್ಮ ಹೆಡ್‌ಫೋನ್ ಹಾಕಿಕೊಂಡು ಪರದೆಯನ್ನೇ ನೋಡುತ್ತಾ ಕೂತರು. ವಾರ್ತೆಯವರು "ನಮಸ್ಕಾರ" ಅಂದರು. ಅವರ ತುಟಿ ಕೂಡುತ್ತಿದ್ದಂತೆಯೇ ಅಮ್ಮ ನನ್ನ ಕಡೆ ತಿರುಗಿ ತಲೆಯಾಡಿಸಿದರು.