ಅಪ್ಪ ಮಗುವಾಗುವುದಿಲ್ಲ: ಹಿರಿಯರ ಜೊತೆ ಕುಟುಂಬ ಥೆರಪಿ

ದಂಪತಿ ಜಗಳ, ಹದಿಹರೆಯದ ಮಕ್ಕಳು ಅಂದರೆ ಕುಟುಂಬ ಥೆರಪಿ ಮಾಡುವ ನಮಗೆ ಧೈರ್ಯ ಬರುತ್ತದೆ. ಎಂಬತ್ತು ದಾಟಿದವರು ಎದುರು ಕೂತರೆ ತಡವರಿಸುತ್ತೇವೆ. ಇದು ಹಳೆಯ ರೋಗ. ಐವತ್ತರ ಹತ್ತಿರ ಬಂದವರ ಮನಸ್ಸು ಅಷ್ಟು ಸುಲಭವಾಗಿ ಬಾಗುವುದಿಲ್ಲ ಎಂದು ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ 1905ರಲ್ಲಿ ಬರೆದಿದ್ದರು. ಆಗ ಅವರಿಗೇ ಐವತ್ತು ಹತ್ತಿರವಾಗಿತ್ತು!

ನಾವು ಜಾಸ್ತಿ ಮಾಡುವ ತಪ್ಪು ಒಂದಿದೆ. "ಅಮ್ಮನಿಗೆ ಏನೂ ನೆನಪಿರಲ್ಲ" ಎಂದು ಮಗಳು ಹೇಳುತ್ತಾಳೆ. ಮುಂದಿನ ಪ್ರಶ್ನೆಯನ್ನೂ ನಾವು ಮಗಳಿಗೇ ಕೇಳುತ್ತೇವೆ. ಅಮ್ಮ ಅಲ್ಲೇ ಇದ್ದಾರೆ, ಅಲ್ವಾ? ಕೇಳಬೇಕಾದದ್ದು ಅವರನ್ನು. ನಮ್ಮ ಮುಖ ಬೆಳಕಿನಲ್ಲಿರಲಿ, ಫ್ಯಾನಿನ ಸದ್ದು ಕಡಿಮೆ ಇರಲಿ. ಕಿರುಚಬೇಡಿ, ನಿಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿ.

ಮರೆವು ಅಂದ ತಕ್ಷಣ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಮಿದುಳಿನ ಕಾಯಿಲೆ) ಎಂದುಕೊಳ್ಳಬೇಡಿ. ಖಿನ್ನತೆಯಲ್ಲೂ ಮರೆವು ಬರುತ್ತದೆ. ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಗೊಂದಲ ಶುರುವಾಗಿದ್ದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಬುದ್ಧಿಭ್ರಮೆ, ಇರಬಹುದು. ಸೋಂಕು, ಔಷಧಿ ಇದಕ್ಕೆ ಕಾರಣವಾಗುವುದುಂಟು. ಆಗ ಥೆರಪಿ ಮುಂದೂಡಿ, ಅಂದೇ ಡಾಕ್ಟರ ಬಳಿ ಕಳಿಸಬೇಕು. ಖಿನ್ನತೆಯ ಅನುಮಾನವಿದ್ದರೆ ಹಿರಿಯರಿಗೆಂದೇ ಮಾಡಿದ ಪ್ರಶ್ನಾವಳಿ ಇದೆ. ಮೂಲದಲ್ಲಿ 30 ಪ್ರಶ್ನೆ, ಚಿಕ್ಕದರಲ್ಲಿ 15. ಉತ್ತರ ಬರೀ ಹೌದು ಅಥವಾ ಇಲ್ಲ.

ನನಗೆ ತುಂಬಾ ಹಿಡಿಸಿದ ವಿಚಾರ ಸಮಾಜಕಾರ್ಯ ಸಂಶೋಧಕಿ ಮಾರ್ಗರೆಟ್ ಬ್ಲೆಂಕ್ನರ್ ಅವರದು. "ಈಗ ಅಪ್ಪನೇ ನನ್ನ ಮಗು" ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಈ ಪಾತ್ರ ಬದಲಾವಣೆಯ ಮಾತನ್ನು ಬ್ಲೆಂಕ್ನರ್ 1965ರಲ್ಲೇ ಒಪ್ಪಲಿಲ್ಲ. ಅಪ್ಪನಿಗೆ ತನ್ನದೇ ಬದುಕು, ಭಯ, ಮಿತಿಗಳಿವೆ ಎಂದು ಕಾಣುವಷ್ಟು ಮಗ ಬೆಳೆಯುವುದು, ಅಪ್ಪ ನೆಚ್ಚಿಕೊಳ್ಳಬಹುದಾದ ಮಗನಾಗುವುದು ಮುಖ್ಯ ಎಂದರು. ಎಪ್ಪತ್ತು ವರ್ಷ ತಾನೇ ನಿರ್ಧಾರ ತೆಗೆದುಕೊಂಡವರು ಊಟಕ್ಕೆ ಸಹಾಯ ಬೇಕಾದ ಮಾತ್ರಕ್ಕೆ ಮಗುವಾಗುವುದಿಲ್ಲ. ಆದ್ದರಿಂದ ಮನೆ ಮಾರುವ ಚರ್ಚೆಯಲ್ಲಿ ಮೊದಲು ಅವರ ಮಾತು ಕೇಳಿ: "ಯಾವುದನ್ನು ನೀವೇ ನಿರ್ಧರಿಸಬೇಕು? ಯಾವುದನ್ನು ಮಕ್ಕಳಿಗೆ ಬಿಡಬಹುದು?"

ಮೂರು ತಲೆಮಾರಿನ ಜೀನೋಗ್ರಾಂ (ಸಂಬಂಧಗಳನ್ನೂ ತೋರಿಸುವ ವಂಶವೃಕ್ಷದ ಚಿತ್ರ) ಬರೆಯುವಾಗ ಇನ್ನೊಂದು ಪ್ರಶ್ನೆ ಸೇರಿಸಿ: ಈ ಮನೆಯಲ್ಲಿ ಹಿಂದೆ ವಯಸ್ಸಾದವರನ್ನು ನೋಡಿಕೊಂಡವರು ಯಾರು, ಅವರಿಗೆ ಸಿಕ್ಕಿದ್ದೇನು? ಅಣ್ಣ ತಂಗಿಯರ ಇಂದಿನ ಜಗಳಕ್ಕೆ ಎಷ್ಟೋ ಸಲ ಇಲ್ಲೇ ದಾರಿ ಸಿಗುತ್ತದೆ.

ಅಭ್ಯಾಸಕ್ಕೆ: ಗುಂಪಿನಲ್ಲಿ ಒಬ್ಬರು ಕಿವಿಗೆ ಹತ್ತಿ ಇಟ್ಟು ಅಜ್ಜಿಯಾಗಲಿ. ಉಳಿದವರು ಅವರ ಬಗ್ಗೆ ಹತ್ತು ನಿಮಿಷ ಮಾತಾಡಲಿ. ಆಮೇಲೆ ಹತ್ತಿ ತೆಗೆದು, ಮಾತು ಬಿಟ್ಟುಬಿಡಬೇಕು ಅನ್ನಿಸಿದ್ದು ಯಾವ ಗಳಿಗೆಯಲ್ಲಿ ಎಂದು ಅವರನ್ನೇ ಕೇಳಿ.